ಹಳೆಯ ಲ್ಯಾಪ್‌ಟಾಪ್, ಮೊದಲ ಗೇಮ್: ಲುವಾದಿಂದ ಶುರು ಮಾಡಿ

ಪ್ರಶ್ನೆ: ನಾನು ತಿಪಟೂರಿನವನು, ಬಿಕಾಂ ಎರಡನೇ ವರ್ಷ. ಚಿಕ್ಕಂದಿನಿಂದ ಗೇಮ್ ಅಂದರೆ ಪ್ರಾಣ. ಈಗ ಸ್ವಂತ ಗೇಮ್ ಮಾಡುವ ಆಸೆ. ಪ್ರೋಗ್ರಾಮಿಂಗ್ ಏನೂ ಗೊತ್ತಿಲ್ಲ. ಅಣ್ಣ ಬಿಟ್ಟುಹೋದ ಹಳೆಯ ಲ್ಯಾಪ್‌ಟಾಪ್ ಇದೆ, 4 ಜಿಬಿ ರ‍್ಯಾಮ್. ವಿಡಿಯೊ ನೋಡಿ ದೊಡ್ಡದೊಂದು ಗೇಮ್ ಇಂಜಿನ್ ಹಾಕಿಕೊಂಡೆ. ಅದು ತೆರೆದುಕೊಳ್ಳುವುದಕ್ಕೇ ಹತ್ತು ನಿಮಿಷ. ಆಮೇಲೆ ಎಲ್ಲಿ ಏನು ಒತ್ತಬೇಕು ಅಂತಲೇ ತಿಳಿಯಲಿಲ್ಲ. ಇಂಗ್ಲಿಷ್ ಓದುತ್ತೇನೆ, ಆದರೆ ನಿಧಾನ. ಗಣಿತವೂ ಅಷ್ಟಕ್ಕಷ್ಟೆ. ನನ್ನಂಥವರು ಯಾವ ಭಾಷೆಯಿಂದ ಶುರು ಮಾಡಬೇಕು? ಮಾಡಿದ ಗೇಮನ್ನು ಫೋನಿನಲ್ಲಿ ಆಡಿಸಬಹುದಾ?

ಉತ್ತರ: ಲುವಾ ಕಲಿಯಿರಿ. ಅದರ ಜೊತೆಗೆ, ಲುವಾದಲ್ಲಿ ಬರೆದ ಗೇಮನ್ನು ಓಡಿಸುವ ‘ಲವ್’ ಅನ್ನುವ ಸಣ್ಣ ಸಾಫ್ಟ್‌ವೇರ್ ಹಾಕಿಕೊಳ್ಳಿ. ಎರಡೂ ಉಚಿತ. ಕೆಲವೇ ಎಂಬಿ ಡೌನ್‌ಲೋಡ್, ನಿಮ್ಮ ಲ್ಯಾಪ್‌ಟಾಪ್‌ಗೆ ಏನೂ ಭಾರವಲ್ಲ. ಇವತ್ತು ಸಂಜೆ ಕೂತರೆ ರಾತ್ರಿ ಊಟದ ಹೊತ್ತಿಗೆ ಸ್ಕ್ರೀನ್ ಮೇಲೆ ಒಂದು ಚೌಕ ನೀವು ಹೇಳಿದ ಕಡೆ ಓಡಾಡುತ್ತಿರುತ್ತದೆ.

ಆ ದೊಡ್ಡ ಇಂಜಿನ್ ಅರ್ಥವಾಗಲಿಲ್ಲ ಅಂತ ಬೇಸರ ಮಾಡಿಕೊಳ್ಳಬೇಡಿ. ಚಿತ್ರ ಬರೆಯುವವರು, ಸಂಗೀತದವರು, ಕೋಡ್ ಬರೆಯುವವರು ಎಲ್ಲ ಸೇರಿ ಕೆಲಸ ಮಾಡಲಿ ಅಂತ ಅದನ್ನು ಕಟ್ಟಿರುತ್ತಾರೆ. ಒಬ್ಬರೇ ಕೂತು ಮೊದಲ ದಿನ ತೆರೆದರೆ ಯಾರಿಗಾದರೂ ತಲೆ ತಿರುಗುತ್ತದೆ. ಮೊದಲ ಸಲ ಸೈಕಲ್ ಹತ್ತುವವರ ಕೈಗೆ ಲಾರಿ ಕೊಟ್ಟ ಹಾಗೆ ಅದು.

ಲುವಾ ಹುಟ್ಟಿದ ಕಥೆ ಸ್ವಲ್ಪ ಹೇಳುತ್ತೇನೆ. ಅದು ಯಾಕೆ ಸುಲಭ ಅನ್ನುವುದು ಅದರಿಂದಲೇ ತಿಳಿಯುತ್ತದೆ. 1993ರಲ್ಲಿ ಬ್ರೆಜಿಲ್‌ನ ರಿಯೊ ಡಿ ಜನೈರೊದ ಕ್ಯಾಥೊಲಿಕ್ ವಿಶ್ವವಿದ್ಯಾಲಯದಲ್ಲಿ ಮೂವರು ಇದನ್ನು ಮಾಡಿದರು: ರೊಬೆರ್ಟೊ ಯೆರುಸಾಲಿಮ್‌ಸ್ಕಿ, ಲೂಯಿಜ್ ಹೆನ್ರಿಕೆ ಡಿ ಫಿಗೆರೆಡೊ, ವಾಲ್ದೆಮಾರ್ ಸೆಲೆಸ್. ಪೆಟ್ರೊಬ್ರಾಸ್ ಅನ್ನುವ ಎಣ್ಣೆ ಕಂಪನಿಯ ಇಂಜಿನಿಯರುಗಳಿಗಾಗಿ ಇವರು ಸಾಫ್ಟ್‌ವೇರ್ ಬರೆಯುತ್ತಿದ್ದರು. ಆ ಇಂಜಿನಿಯರುಗಳು ಪ್ರೋಗ್ರಾಮರುಗಳಲ್ಲ. ಅವರೂ ಸಲೀಸಾಗಿ ಬರೆಯುವಂಥ ಭಾಷೆ ಬೇಕಿತ್ತು. ಮೊದಲು ಮಾಡಿದ್ದ ಒಂದು ಪುಟ್ಟ ಭಾಷೆಯ ಹೆಸರು ಸೋಲ್. ಪೋರ್ಚುಗೀಸಿನಲ್ಲಿ ಸೋಲ್ ಅಂದರೆ ಸೂರ್ಯ. ಅದರ ನಂತರ ಬಂದದ್ದಕ್ಕೆ ಲುವಾ ಅಂತ ಹೆಸರಿಟ್ಟರು, ಅಂದರೆ ಚಂದ್ರ. ಪ್ರೋಗ್ರಾಮಿಂಗ್ ಗೊತ್ತಿಲ್ಲದವರಿಗಾಗಿಯೇ ಹುಟ್ಟಿದ ಭಾಷೆ ಇದು. ನಿಮಗೂ ಅದೇ ತಾನೆ ಬೇಕಾಗಿರುವುದು?

ಗೇಮ್ ಮಾಡುವವರು ಇದನ್ನು ಬೇಗ ಹಿಡಿದುಕೊಂಡರು. 1998ರಲ್ಲಿ ಬಂದ ‘ಗ್ರಿಮ್ ಫಂಡಾಂಗೊ’ದಲ್ಲೇ ಲುವಾ ಇತ್ತು. ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಆಡುವವರು ಆಡ್ಆನ್ (ಗೇಮಿಗೆ ತಾವೇ ಸೇರಿಸುವ ತುಣುಕು) ಬರೆಯುವುದು ಲುವಾದಲ್ಲಿ. ರೋಬ್ಲಾಕ್ಸ್‌ನಲ್ಲಿ ಮಕ್ಕಳು ಬರೆಯುವ ಭಾಷೆಯೂ ಲುವಾದಿಂದಲೇ ಬಂದದ್ದು. 2024ರಲ್ಲಿ ‘ಬಲಾಟ್ರೊ’ ಅನ್ನುವ ಇಸ್ಪೀಟ್ ಗೇಮ್ ಪ್ರಪಂಚದಲ್ಲೆಲ್ಲ ಹೆಸರು ಮಾಡಿತಲ್ಲ, ಅದನ್ನು ಕಟ್ಟಿದ್ದು ಒಬ್ಬರೇ ಡೆವಲಪರ್. ಬಳಸಿದ್ದು ಇದೇ ಲುವಾ, ಇದೇ ಲವ್.

ಇಂಗ್ಲಿಷ್ ನಿಧಾನ ಅಂದಿರಿ. ಲವ್ ಬಳಸುವ ಲುವಾ 5.1ರಲ್ಲಿ ಭಾಷೆ ತನಗಾಗಿ ಕಾದಿಟ್ಟುಕೊಂಡ ಪದಗಳು 21. ಇಫ್, ದೆನ್, ಎಲ್ಸ್, ಎಂಡ್, ಫಾರ್, ಫಂಕ್ಷನ್, ಲೋಕಲ್, ಹೀಗೆ. ಅರ್ಧಕ್ಕರ್ಧ ನಿಮಗೆ ಆಗಲೇ ಗೊತ್ತು. ಉಳಿದವು ಬರೆಯುತ್ತಾ ಬರೆಯುತ್ತಾ ಕೈಗೆ ಬರುತ್ತವೆ. ಎರಡು ಅಡ್ಡಗೆರೆ -- ಹಾಕಿ ಆ ಸಾಲಿನಲ್ಲಿ ಅದರ ಮುಂದೆ ಏನು ಬರೆದರೂ ಕಂಪ್ಯೂಟರ್ ಅದನ್ನು ಓದುವುದಿಲ್ಲ. ಅದು ನಿಮ್ಮ ಟಿಪ್ಪಣಿಯ ಜಾಗ. ಅಲ್ಲಿ ಧಾರಾಳವಾಗಿ ಕನ್ನಡದಲ್ಲಿ ಬರೆದುಕೊಳ್ಳಿ. ವೇರಿಯಬಲ್‌ಗಳಿಗೂ (ಸಂಖ್ಯೆ, ಮಾಹಿತಿ ಇಟ್ಟುಕೊಳ್ಳುವ ಜಾಗ) ನಮ್ಮ ಹೆಸರೇ ಇಡಿ: ಬುಟ್ಟಿ, ಮಾವು, ವೇಗ. ಲವ್ ಒಳಗೆ ಲುವಾ ಕೋಡನ್ನು ಓಡಿಸುವ ಲುವಾಜಿಟ್ ಈ ಹೆಸರುಗಳನ್ನು ಕನ್ನಡ ಲಿಪಿಯಲ್ಲಿ ಬರೆದರೂ ಒಪ್ಪಿಕೊಳ್ಳುತ್ತದೆ. ನನಗಂತೂ ಇದು ಮೊದಲ ಸಲ ಗೊತ್ತಾದಾಗ ತುಂಬಾ ಖುಷಿಯಾಗಿತ್ತು. ಆದರೆ ಸಾಲು ಸಾಲಿಗೂ ಕೀಬೋರ್ಡ್ ಬದಲಾಯಿಸುತ್ತಾ ಕೂತರೆ ಕೈ ಸೋಲುತ್ತದೆ. ಕನ್ನಡ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡುವುದು ಅನುಕೂಲ.

ಈಗ ಕೆಲಸ. ಲವ್‌ನ ತಾಣ ಲವ್2ಡಿ ಡಾಟ್ ಆರ್ಗ್. ಅಲ್ಲಿಂದ ಇಳಿಸಿಕೊಂಡು ತೆರೆದರೆ ‘ಗೇಮ್ ಇಲ್ಲ’ ಅನ್ನುವ ಚಿತ್ರ ಬರುತ್ತದೆ. ಅದು ತಪ್ಪಲ್ಲ, ನಿಮ್ಮ ಗೇಮಿಗಾಗಿ ಕಾಯುತ್ತಿದೆ ಅಷ್ಟೆ. ಒಂದು ಫೋಲ್ಡರ್ ಮಾಡಿ. ಅದರೊಳಗೆ ಮೇನ್ ಡಾಟ್ ಲುವಾ ಅನ್ನುವ ಫೈಲ್ ಇಡಿ. ಕೋಡೆಲ್ಲ ಸದ್ಯಕ್ಕೆ ಅದರಲ್ಲೇ. ಆ ಫೋಲ್ಡರನ್ನು ಎಳೆದು ಲವ್‌ನ ಐಕಾನ್ ಮೇಲೆ ಬಿಟ್ಟರೆ ಗೇಮ್ ಶುರು. ನೋಟ್‌ಪ್ಯಾಡ್‌ನಲ್ಲಿ ಬರೆದರೂ ನಡೆಯುತ್ತದೆ, ಆದರೆ ಅದು ಹೇಳದೆ ಕೇಳದೆ ಹೆಸರಿನ ಕೊನೆಗೆ ಡಾಟ್ ಟಿಎಕ್ಸ್‌ಟಿ ಅಂಟಿಸುತ್ತದೆ. ಆಗ ಲವ್‌ಗೆ ಫೈಲ್ ಸಿಗುವುದಿಲ್ಲ. ಅದರ ಬದಲು ಕೋಡ್ ಬರೆಯಲೆಂದೇ ಇರುವ ಜೀರೊಬ್ರೇನ್ ಸ್ಟುಡಿಯೊ ಹಾಕಿಕೊಳ್ಳಿ. ಹಗುರ, ಉಚಿತ, ಲವ್ ಅದಕ್ಕೆ ಮೊದಲೇ ಗೊತ್ತು.

ಲವ್‌ನಲ್ಲಿ ಮೂರು ಫಂಕ್ಷನ್ (ಹೆಸರಿಟ್ಟ ಕೋಡಿನ ತುಂಡು) ಅರ್ಥವಾದರೆ ಮುಕ್ಕಾಲು ದಾರಿ ಮುಗಿದ ಹಾಗೆ. ಲವ್ ಡಾಟ್ ಲೋಡ್, ಲವ್ ಡಾಟ್ ಅಪ್‌ಡೇಟ್, ಲವ್ ಡಾಟ್ ಡ್ರಾ. ನಾಟಕದ ಲೆಕ್ಕದಲ್ಲಿ ಹೇಳುತ್ತೇನೆ. ಲೋಡ್ ಅಂದರೆ ಪರದೆ ಏಳುವ ಮುಂಚಿನ ತಯಾರಿ. ವೇಷ, ಸಾಮಾನು ಎಲ್ಲ ಜೋಡಿಸಿಡುವುದು. ಇದು ಒಂದೇ ಸಲ ನಡೆಯುತ್ತದೆ. ಅಪ್‌ಡೇಟ್ ಅಂದರೆ ಈ ಕ್ಷಣ ಯಾರು ಎಲ್ಲಿಗೆ ಸರಿದರು ಅನ್ನುವ ಲೆಕ್ಕ. ಡ್ರಾ ಅಂದರೆ ಆ ಲೆಕ್ಕವನ್ನು ಜನರಿಗೆ ಕಾಣುವಂತೆ ಬಿಡಿಸುವುದು. ಅಪ್‌ಡೇಟ್, ಡ್ರಾ ಎರಡೂ ಸೆಕೆಂಡಿಗೆ ಸಾಮಾನ್ಯವಾಗಿ 60 ಸಲ ಒಂದರ ಹಿಂದೆ ಒಂದು ನಡೆಯುತ್ತಲೇ ಇರುತ್ತವೆ. ಪ್ರತಿ ಸಲವೂ ಹಳೆಯ ಚಿತ್ರ ಅಳಿಸಿ ಹೊಸದು ಬರೆಯುತ್ತದೆ. ಅಂಥ ಒಂದೊಂದು ಚಿತ್ರಕ್ಕೂ ಫ್ರೇಮ್ ಅನ್ನುತ್ತಾರೆ. ನಮ್ಮ ಕಣ್ಣಿಗೆ ಅದು ಓಡಿದ ಹಾಗೆ ಕಾಣುತ್ತದೆ. ಎಷ್ಟೇ ದೊಡ್ಡ ಗೇಮ್ ಆಗಲಿ, ಒಳಗಿನ ಎದೆಬಡಿತ ಇದೇ.

ಮೊದಲ ಗೇಮ್ ಯಾವುದು ಮಾಡಬೇಕು? ನನ್ನ ಸಲಹೆ: ಮೇಲಿನಿಂದ ಮಾವಿನಕಾಯಿ ಬೀಳುತ್ತವೆ, ಕೆಳಗೆ ಬುಟ್ಟಿ ಆಚೆ ಈಚೆ ಸರಿದು ಹಿಡಿಯುತ್ತದೆ. ಕೇಳಿದರೆ ಇಷ್ಟೇನಾ ಅನ್ನಿಸಬಹುದು. ಆದರೆ ಗೇಮ್ ಪ್ರೋಗ್ರಾಮಿಂಗ್‌ನ ಬೇರುಗಳೆಲ್ಲ ಇದರಲ್ಲೇ ಇವೆ. ಮಾವು, ಬುಟ್ಟಿಯ ಚಿತ್ರ ಹುಡುಕುತ್ತಾ ಕೂರಬೇಡಿ. ಬುಟ್ಟಿ ಒಂದು ಕಂದು ಆಯತ, ಮಾವು ಒಂದು ಹಸಿರು ಚೌಕ. ಚೆಂದ ಮಾಡುವುದು ಆಮೇಲೆ.

ಲವ್‌ನ ಕಿಟಕಿ ಶುರುವಿಗೆ 800 ಪಿಕ್ಸೆಲ್ ಅಗಲ, 600 ಪಿಕ್ಸೆಲ್ ಎತ್ತರ ಇರುತ್ತದೆ. ಸ್ಕೂಲಿನ ಗ್ರಾಫ್‌ನಲ್ಲಿ ಸೊನ್ನೆ ಕೆಳಗಿರುತ್ತಿತ್ತು, ಮೇಲೆ ಹೋದಂತೆ ಸಂಖ್ಯೆ ಏರುತ್ತಿತ್ತು, ಅಲ್ವಾ? ಇಲ್ಲಿ ಸೊನ್ನೆ ಎಡಗಡೆ ಮೇಲಿನ ಮೂಲೆಯಲ್ಲಿ. ಪುಟ ಓದುವ ಹಾಗೆ ಬಲಕ್ಕೆ (ಎಕ್ಸ್), ಕೆಳಕ್ಕೆ (ವೈ) ಲೆಕ್ಕ ಹೋಗುತ್ತದೆ. ಅಂದರೆ ಮಾವು ಬೀಳಬೇಕಾದರೆ ಅದರ ವೈ ಜಾಸ್ತಿ ಆಗುತ್ತಾ ಹೋಗಬೇಕು.

ಮೊದಲು ಬರೀ ಬುಟ್ಟಿ ಮಾಡಿ. ಲೋಡ್ ಒಳಗೆ ಅದರ ಎಕ್ಸ್ 350 ಅಂತ ಇಡಿ. ಅಪ್‌ಡೇಟ್ ಒಳಗೆ, ಎಡ ಬಾಣದ ಕೀ ಒತ್ತಿದ್ದರೆ ಎಕ್ಸ್ ಕಮ್ಮಿ ಮಾಡಿ, ಬಲ ಒತ್ತಿದ್ದರೆ ಜಾಸ್ತಿ ಮಾಡಿ. ಡ್ರಾ ಒಳಗೆ ಆ ಎಕ್ಸ್‌ನಲ್ಲಿ 100 ಅಗಲ, 20 ಎತ್ತರದ ಆಯತ ಬಿಡಿಸಿ. ಬುಟ್ಟಿ ಕಿಟಕಿ ದಾಟಿ ಹೊರಗೆ ಹೋಗುತ್ತದೆ. ಎಕ್ಸ್ ಸೊನ್ನೆಗಿಂತ ಕಮ್ಮಿಯಾದರೆ ಸೊನ್ನೆಗೇ ನಿಲ್ಲಿಸಿ, 700 ದಾಟಿದರೆ 700ಕ್ಕೆ ನಿಲ್ಲಿಸಿ. ಅಗಲ 800 ಇರುವಾಗ 700 ಯಾಕೆ ಅಂತ ನೀವೇ ಯೋಚಿಸಿ. ಅದು ಹೊಳೆದರೆ ನಿಮಗೆ ಬೇಕಾದ ಗಣಿತ ಬರುತ್ತದೆ ಅಂತಲೇ ಅರ್ಥ.

ಇಲ್ಲೊಂದು ಮುಖ್ಯ ವಿಷಯ ಇದೆ. ಬುಟ್ಟಿಯನ್ನು ಪ್ರತಿ ಫ್ರೇಮಿಗೆ 5 ಪಿಕ್ಸೆಲ್ ಸರಿಸಿದಿರಿ ಅಂದುಕೊಳ್ಳಿ. ನಿಮ್ಮ ಸ್ಕ್ರೀನ್ ಸೆಕೆಂಡಿಗೆ 60 ಫ್ರೇಮ್ ತೋರಿಸಿದರೆ ವೇಗ 300 ಪಿಕ್ಸೆಲ್. ಗೆಳೆಯನ ಹತ್ತಿರ 144 ಫ್ರೇಮಿನ ಹೊಸ ಸ್ಕ್ರೀನ್ ಇದೆ. ಅಲ್ಲಿ ಅದೇ ಬುಟ್ಟಿ 720 ಪಿಕ್ಸೆಲ್ ಓಡುತ್ತದೆ. ಒಂದೇ ಗೇಮ್, ಎರಡು ಮನೆಯಲ್ಲಿ ಎರಡು ವೇಗ. ಇದಕ್ಕೆಂದೇ ಲವ್ ಅಪ್‌ಡೇಟ್‌ಗೆ ಡಿಟಿ ಅನ್ನುವ ಸಂಖ್ಯೆ ಕೊಡುತ್ತದೆ. ಹಿಂದಿನ ಫ್ರೇಮಿನಿಂದ ಈ ಫ್ರೇಮಿನವರೆಗೆ ಎಷ್ಟು ಸೆಕೆಂಡ್ ಆಯಿತು ಅನ್ನುವುದೇ ಡಿಟಿ. ವೇಗವನ್ನು ಸೆಕೆಂಡಿಗೆ ಇಷ್ಟು ಅಂತ ಇಟ್ಟುಕೊಳ್ಳಿ, 300 ಅನ್ನಿ. ಪ್ರತಿ ಫ್ರೇಮಿನಲ್ಲೂ 300 ಗುಣಿಸು ಡಿಟಿ ಅಷ್ಟು ಸರಿಸಿ. ಯಾವ ಕಂಪ್ಯೂಟರ್ ಆದರೂ ಸೆಕೆಂಡಿಗೆ 300 ಪಿಕ್ಸೆಲ್ಲೇ. ಚಲಿಸುವುದು ಏನೇ ಇರಲಿ, ಡಿಟಿಯಿಂದ ಗುಣಿಸುವ ಅಭ್ಯಾಸ ಮೊದಲ ದಿನದಿಂದಲೇ ಬರಲಿ. ಆಮೇಲೆ ತಿದ್ದುವುದು ತುಂಬಾ ಕಷ್ಟ.

ಬುಟ್ಟಿ ಸರಿ ಹೋಯಿತಾ? ಈಗ ಮಾವು. ಒಂದು ಮಾವಿಗೆ ಒಂದು ಎಕ್ಸ್, ಒಂದು ವೈ ಬೇಕು. ಹತ್ತು ಮಾವು ಇದ್ದರೆ? ಇಲ್ಲಿ ಲುವಾದ ಟೇಬಲ್ ಬರುತ್ತದೆ. ಬೇರೆ ಭಾಷೆಗಳಲ್ಲಿ ಪಟ್ಟಿಗೆ ಒಂದು, ವಸ್ತುವಿಗೆ ಒಂದು, ನಿಘಂಟಿಗೆ ಒಂದು ಅಂತ ಬೇರೆ ಬೇರೆ ಸಾಮಾನು ಕಲಿಯಬೇಕು. ಲುವಾದಲ್ಲಿ ಎಲ್ಲಕ್ಕೂ ಟೇಬಲ್ ಒಂದೇ. ಅಡುಗೆಮನೆಯ ಡಬ್ಬಿಯ ಹಾಗೆ. ಸಾಲಾಗಿ ಜೋಡಿಸಿ ಒಂದು, ಎರಡು ಅಂತ ನಂಬರ್ ಹಾಕಬಹುದು, ಅಥವಾ ಸಾಸಿವೆ, ಜೀರಿಗೆ ಅಂತ ಹೆಸರು ಅಂಟಿಸಬಹುದು. ಒಂದು ಮಾವು ಅಂದರೆ ಎಕ್ಸ್, ವೈ ಅಂತ ಹೆಸರಂಟಿಸಿದ ಪುಟ್ಟ ಟೇಬಲ್. ಅಂಥ ಮಾವುಗಳನ್ನೆಲ್ಲ ಸಾಲಾಗಿ ಇಟ್ಟುಕೊಳ್ಳುವುದು ಇನ್ನೊಂದು ದೊಡ್ಡ ಟೇಬಲ್. ಲುವಾ ಸಾಲಿನ ಎಣಿಕೆ ಶುರು ಮಾಡುವುದು 1ರಿಂದ. ಹೆಚ್ಚಿನ ಭಾಷೆಗಳು 0ಯಿಂದ ಎಣಿಸುತ್ತವೆ. ಅನುಭವಸ್ಥರು ಇದಕ್ಕೆ ಗೊಣಗುತ್ತಾರೆ. ಹೊಸಬರಿಗೆ 1ರಿಂದ ಎಣಿಸುವುದೇ ಸಹಜ.

ಮಾವು ಹುಟ್ಟಿಸಲು ಒಂದು ಗಡಿಯಾರ ಮಾಡಿಕೊಳ್ಳಿ. ಒಂದು ವೇರಿಯಬಲ್‌ಗೆ ಪ್ರತಿ ಫ್ರೇಮಿನಲ್ಲೂ ಡಿಟಿ ಕೂಡಿಸುತ್ತಾ ಹೋಗಿ. ಅದು 1 ದಾಟಿದರೆ ಒಂದು ಸೆಕೆಂಡ್ ಆಯಿತು ಅಂತ. ಅದರಿಂದ 1 ಕಳೆದು, ಹೊಸ ಮಾವನ್ನು ಪಟ್ಟಿಗೆ ಸೇರಿಸಿ. ಅದರ ಎಕ್ಸ್ ಎಲ್ಲಿ ಬೇಕಾದರೂ ಇರಲಿ. ಅದಕ್ಕೆ ಲವ್ ಡಾಟ್ ಮ್ಯಾತ್ ಡಾಟ್ ರ‍್ಯಾಂಡಮ್ ಬಳಸಿ. ಲುವಾದ್ದೇ ಒಂದು ರ‍್ಯಾಂಡಮ್ ಇದೆ, ಆದರೆ ಅದಕ್ಕೆ ನೀವು ಬೀಜಸಂಖ್ಯೆ (ಲೆಕ್ಕ ಶುರು ಮಾಡುವ ಸಂಖ್ಯೆ) ಕೊಡದಿದ್ದರೆ ಪ್ರತಿ ಸಲ ಗೇಮ್ ತೆರೆದಾಗಲೂ ಅದೇ ಕ್ರಮದಲ್ಲಿ ಸಂಖ್ಯೆ ಕೊಡುತ್ತದೆ. ಲವ್‌ನದು ಶುರುವಿನಲ್ಲಿ ತಾನೇ ಬೀಜ ಹಾಕಿಕೊಂಡಿರುತ್ತದೆ.

ಮಾವು ಬುಟ್ಟಿಗೆ ಬಿತ್ತಾ ಅಂತ ತಿಳಿಯುವುದು ಹೇಗೆ? ಎರಡು ಆಯತ ಒಂದರ ಮೇಲೊಂದು ಬಂದಿವೆಯಾ ಅಂತ ನೋಡಬೇಕು. ನಾಲ್ಕೇ ಹೋಲಿಕೆ. ಮಾವಿನ ಎಡ ಅಂಚು ಬುಟ್ಟಿಯ ಬಲ ಅಂಚಿಗಿಂತ ಎಡಕ್ಕಿದೆಯಾ, ಮಾವಿನ ಬಲ ಅಂಚು ಬುಟ್ಟಿಯ ಎಡ ಅಂಚಿಗಿಂತ ಬಲಕ್ಕಿದೆಯಾ, ಹಾಗೇ ಮೇಲೆ ಕೆಳಗೆ ಎರಡು. ನಾಲ್ಕೂ ಹೌದು ಅಂದರೆ ಸಿಕ್ಕಿತು. ಒಂದು ಹಾಳೆ ತೆಗೆದುಕೊಂಡು ಎರಡು ಆಯತ ಬರೆದು ನೋಡಿ, ಐದು ನಿಮಿಷದಲ್ಲಿ ತಿಳಿಯುತ್ತದೆ. ಲೆಕ್ಕ ಸರಿಯಾದ ಮೇಲೆ ಬುಟ್ಟಿಯ ಅಂಚನ್ನು ಎರಡೂ ಕಡೆ ಹತ್ತು ಹತ್ತು ಪಿಕ್ಸೆಲ್ ಹಿಗ್ಗಿಸಿ, ಲೆಕ್ಕದಲ್ಲಿ ಮಾತ್ರ, ಚಿತ್ರದಲ್ಲಲ್ಲ. ಕೂದಲೆಳೆಯಲ್ಲಿ ತಪ್ಪಿದ ಮಾವು ಸಿಕ್ಕಿಬಿಟ್ಟರೆ ಆಡುವವರಿಗೆ ಖುಷಿ. ಹಿಡಿದೇ ಬಿಟ್ಟೆ ಅಂದುಕೊಂಡದ್ದು ತಪ್ಪಿದರೆ ಗೇಮ್ ಮೋಸ ಮಾಡಿತು ಅನ್ನಿಸುತ್ತದೆ. ಇಂಥ ಸಣ್ಣ ಉದಾರತೆ ಒಳ್ಳೆಯ ಗೇಮುಗಳಲ್ಲೆಲ್ಲ ಇರುತ್ತದೆ.

ಸಿಕ್ಕ ಮಾವನ್ನು ಪಟ್ಟಿಯಿಂದ ತೆಗೆಯುವಾಗ ಹೊಸಬರೆಲ್ಲ ಎಡವುವ ಒಂದು ಜಾಗ ಇದೆ. ಪಟ್ಟಿಯನ್ನು ಮೊದಲಿನಿಂದ ನೋಡುತ್ತಾ ಮೂರನೆಯದನ್ನು ತೆಗೆದಿರಿ ಅನ್ನಿ. ನಾಲ್ಕನೆಯದು ಸರಿದು ಮೂರನೇ ಜಾಗಕ್ಕೆ ಬರುತ್ತದೆ. ನಿಮ್ಮ ಲೂಪ್, ಅಂದರೆ ಪಟ್ಟಿಯನ್ನು ಒಂದೊಂದಾಗಿ ನೋಡುತ್ತಾ ಹೋಗುವ ಕೋಡ್, ಮುಂದೆ ನೋಡುವುದು ನಾಲ್ಕನೇ ಜಾಗ. ಸರಿದು ಬಂದ ಮಾವನ್ನು ಯಾರೂ ನೋಡಲೇ ಇಲ್ಲ. ಅದಕ್ಕೇ ತೆಗೆಯುವ ಕೆಲಸ ಇದ್ದಾಗ ಲೂಪನ್ನು ಹಿಂದಿನಿಂದ ಮುಂದಕ್ಕೆ, ಕೊನೆಯದರಿಂದ ಒಂದರವರೆಗೆ ಓಡಿಸಿ. ಆಗ ಸರಿಯುವುದೆಲ್ಲ ನೀವು ಆಗಲೇ ನೋಡಿ ಮುಗಿಸಿದ್ದು.

ಅಂಕ ಕೂಡಿಸಿ. ಮೂರು ಮಾವು ನೆಲಕ್ಕೆ ಬಿದ್ದರೆ ಆಟ ಮುಗಿಯಲಿ. ಹತ್ತು ಸಿಕ್ಕ ಮೇಲೆ ಸ್ವಲ್ಪ ಬೇಗ ಬೇಗ ಬೀಳಲಿ. ‘ಹೊಸ ಆಟ’ ಅಂತ ಒಂದು ಫಂಕ್ಷನ್ ಮಾಡಿ, ಅಂಕ ಸೊನ್ನೆ, ಪಟ್ಟಿ ಖಾಲಿ, ಬುಟ್ಟಿ ನಡುವೆ ಅಂತ ಎಲ್ಲವನ್ನೂ ಅದರಲ್ಲೇ ಬರೆಯಿರಿ. ಲೋಡ್‌ನಿಂದ ಒಮ್ಮೆ ಅದನ್ನು ಕರೆಯಿರಿ, ಆಟ ಮುಗಿದ ಮೇಲೆ ಸ್ಪೇಸ್ ಒತ್ತಿದಾಗ ಮತ್ತೆ ಕರೆಯಿರಿ. ಇಷ್ಟಾದರೆ ನೂರು, ನೂರಿಪ್ಪತ್ತು ಸಾಲಿನಲ್ಲಿ ಒಂದು ಪೂರ್ತಿ ಗೇಮ್ ನಿಮ್ಮ ಕೈಯಲ್ಲಿರುತ್ತದೆ. ದಿನಕ್ಕೆ ಒಂದು ಗಂಟೆ ಕೂತರೆ ಎರಡು ವಾರ ಸಾಕು. ಮನೆಯವರ ಕೈಗೆ ಕೊಟ್ಟು ಆಡಿಸಿ. ಹೇಗೆ ಆಡಬೇಕು ಅಂತ ಹೇಳಿಕೊಡಬೇಡಿ, ಪಕ್ಕದಲ್ಲಿ ಸುಮ್ನೆ ಕೂತು ನೋಡಿ. ಅವರು ಎಲ್ಲಿ ತಡವರಿಸುತ್ತಾರೋ ಅಲ್ಲೇ ನಿಮ್ಮ ಮುಂದಿನ ಕೆಲಸ ಇದೆ.

ಎರರ್ ಬಂದೇ ಬರುತ್ತದೆ. ಲವ್ ನೀಲಿ ಸ್ಕ್ರೀನ್ ತೋರಿಸುತ್ತದೆ. ಹೆದರಿ ಮುಚ್ಚಬೇಡಿ, ‘ಎರರ್’ ಅನ್ನುವ ತಲೆಬರಹದ ಕೆಳಗಿನ ಸಾಲು ಓದಿ. ಫೈಲಿನ ಹೆಸರು, ಅದರ ಪಕ್ಕ ಸಾಲಿನ ನಂಬರ್ ಇರುತ್ತದೆ. ಹೊಸಬರಿಗೆ ಹೆಚ್ಚು ಸಿಗುವ ದೂರು ‘ನಿಲ್ ವ್ಯಾಲ್ಯೂ’ ಅನ್ನುವುದು. ನಿಲ್ ಅಂದರೆ ಏನೂ ಇಲ್ಲ. ಹೆಚ್ಚಿನ ಸಲ ಹೆಸರಿನ ಕಾಗುಣಿತ ತಪ್ಪಿರುತ್ತದೆ. ಅಂಕ ಅನ್ನುವುದನ್ನು ಒಂದು ಕಡೆ ಒಂದು ರೀತಿ, ಇನ್ನೊಂದು ಕಡೆ ಇನ್ನೊಂದು ರೀತಿ ಟೈಪ್ ಮಾಡಿರುತ್ತೀರಿ. ದೊಡ್ಡಕ್ಷರ, ಸಣ್ಣಕ್ಷರ ಕೂಡ ಲುವಾಗೆ ಬೇರೆ ಬೇರೆ. ತಪ್ಪು ಹೆಸರು ಬರೆದರೆ ಲುವಾ ಆಗಲೇ ತಡೆಯುವುದಿಲ್ಲ. ಅಂಥದ್ದು ಏನೂ ಇಲ್ಲ, ನಿಲ್ ಅಂತ ಇಟ್ಟುಕೊಂಡು ಮುಂದೆ ಹೋಗುತ್ತದೆ. ಲೆಕ್ಕ ಮಾಡಲು ಹೋದಾಗ ನಿಲ್ಲುತ್ತದೆ. ಈ ಭಾಷೆಯ ನಿಜವಾದ ಕೊರತೆ ಇದೇ. ಅದಕ್ಕೇ ಪ್ರತಿ ಹೊಸ ಹೆಸರಿಗೂ ಮೊದಲು ಲೋಕಲ್ ಅಂತ ಬರೆಯುವ ಅಭ್ಯಾಸ ಮಾಡಿಕೊಳ್ಳಿ. ಬುಟ್ಟಿಯ ಎಕ್ಸ್ ಹಾಗೆ ಲೋಡ್, ಅಪ್‌ಡೇಟ್, ಡ್ರಾ ಎಲ್ಲಕ್ಕೂ ಬೇಕಾದ ಹೆಸರಾದರೆ ಆ ಲೋಕಲ್ ಸಾಲು ಫೈಲಿನ ಮೇಲ್ಗಡೆ, ಫಂಕ್ಷನ್‌ಗಳ ಹೊರಗಿರಲಿ. ಆಗ ಯಾವ ಹೆಸರು ಎಲ್ಲಿ ಹುಟ್ಟಿತು ಅನ್ನುವುದು ನಿಮ್ಮ ಕಣ್ಣಿಗೇ ಬೀಳುತ್ತದೆ. ಇನ್ನೊಂದು, ಸಮವೇ ಅಂತ ಕೇಳುವುದಕ್ಕೆ ಎರಡು ಸಮ ಚಿಹ್ನೆ == ಬೇಕು. ಒಂದೇ ಹಾಕಿದರೆ ಅದು ಬೆಲೆ ಕೊಟ್ಟ ಹಾಗೆ. ಸಮವಲ್ಲ ಅನ್ನುವುದಕ್ಕೆ ~= ಬರೆಯಬೇಕು.

ನಾನು ಕಲಿಯುವಾಗ ವಾರಗಟ್ಟಲೆ ಕಾಡಿದ ಒಂದು ತೊಂದರೆ ಹೇಳುತ್ತೇನೆ. ಗೇಮ್ ಶುರುವಿನಲ್ಲಿ ಚೆನ್ನಾಗಿ ಓಡುತ್ತಿತ್ತು. ಸ್ವಲ್ಪ ಹೊತ್ತಾದ ಮೇಲೆ ತಡವರಿಸುತ್ತಿತ್ತು, ಕಂಪ್ಯೂಟರ್ ಬಿಸಿಯಾಗುತ್ತಿತ್ತು. ಚಿತ್ರವನ್ನು ಫೈಲಿನಿಂದ ತೆಗೆಯುವ ಸಾಲನ್ನು ನಾನು ಡ್ರಾ ಒಳಗೆ ಬರೆದಿದ್ದೆ. ಅಂದರೆ ಸೆಕೆಂಡಿಗೆ 60 ಸಲ ಅದೇ ಚಿತ್ರವನ್ನು ಡಿಸ್ಕ್‌ನಿಂದ ಮತ್ತೆ ಮತ್ತೆ ತರುತ್ತಿತ್ತು. ಚಿತ್ರ, ಶಬ್ದ, ಫಾಂಟ್ ಈ ಮೂರನ್ನೂ ತರುವ ಜಾಗ ಲೋಡ್. ನಿಮ್ಮದು 4 ಜಿಬಿ ಲ್ಯಾಪ್‌ಟಾಪ್, ಇದು ಮರೆಯಲೇಬಾರದು.

ಕನ್ನಡದಲ್ಲಿ ಗೇಮ್ ಮಾಡುವ ಆಸೆ ನಿಮಗೂ ಇರಬಹುದು ಅಂತ ಈ ಮಾತು. ಲವ್ 11ರಲ್ಲಿ ಕನ್ನಡ ಬರೆದರೆ ಮೊದಲು ಬರೀ ಪೆಟ್ಟಿಗೆಗಳು ಕಾಣುತ್ತವೆ, ಯಾಕೆಂದರೆ ಅದರ ಜೊತೆ ಬರುವ ಫಾಂಟ್‌ನಲ್ಲಿ ಕನ್ನಡ ಇಲ್ಲ. ನೋಟೊ ಸಾನ್ಸ್ ಕನ್ನಡ ಫಾಂಟ್ ಹಾಕಿದರೆ ಅಕ್ಷರ ಬರುತ್ತವೆ, ಆದರೆ ಒತ್ತಕ್ಷರ ಕೂರುವುದಿಲ್ಲ. ‘ಕನ್ನಡ’ ಅನ್ನುವಾಗ ನ ಕೆಳಗೆ ಒತ್ತು ಬರುವ ಬದಲು ಪೊಲ್ಲು ಹಿಡಿದ ನ್, ಪಕ್ಕದಲ್ಲಿ ಇನ್ನೊಂದು ನ ನಿಲ್ಲುತ್ತವೆ. ಅಕ್ಷರಗಳನ್ನು ಕೂಡಿಸಿ ರೂಪ ಕೊಡುವ ಕೆಲಸ ಆ ಆವೃತ್ತಿಯಲ್ಲಿ ಇಲ್ಲ. ಇದಕ್ಕೆ ಸುಲಭ ದಾರಿ: ‘ಆಟ ಮುಗಿಯಿತು’, ‘ಮತ್ತೆ ಆಡಿ’ ಇಂಥ ಮಾತುಗಳನ್ನು ಇಂಕ್‌ಸ್ಕೇಪ್ ಅನ್ನುವ ಚಿತ್ರ ಬಿಡಿಸುವ ಸಾಫ್ಟ್‌ವೇರ್‌ನಲ್ಲಿ ಬರೆದು ಚಿತ್ರವಾಗಿ ಉಳಿಸಿಕೊಳ್ಳಿ. ಆ ಚಿತ್ರವನ್ನೇ ತೋರಿಸಿ. ಅಂಕಿಗಳಿಗೆ ಏನೂ ತೊಂದರೆ ಇಲ್ಲ. ಹಾಗೇ, ‘ಕನ್ನಡ’ ಅನ್ನುವ ಪದದ ಉದ್ದ ಎಷ್ಟು ಅಂತ ಲುವಾವನ್ನು ಕೇಳಿದರೆ 15 ಅನ್ನುತ್ತದೆ. ಕಣ್ಣಿಗೆ ಮೂರೇ ಅಕ್ಷರ. ಕಂಪ್ಯೂಟರಿನ ಒಳಗೆ ಕ, ನ, ಪೊಲ್ಲು, ನ, ಡ ಅಂತ ಐದು ಗುರುತು, ಒಂದೊಂದಕ್ಕೂ ಮೂರು ಬೈಟ್. ಪದಬಂಧದಂಥ ಆಟ ಮಾಡಲು ಹೊರಟರೆ ಇದು ನೆನಪಿರಲಿ.

ಮಾವಿನ ಆಟ ಮುಗಿದ ಮೇಲೆ ಎರಡನೆಯದು ಚೌಕಾಬಾರ ಮಾಡಿ ಅಂತ ನನ್ನ ಒತ್ತಾಯ. ನಿಯಮ ನಿಮಗೆ ಗೊತ್ತು. ಗೊತ್ತಿಲ್ಲದಿದ್ದರೆ ಅಜ್ಜಿಯನ್ನು ಕೇಳಿ. ಸರದಿಯ ಆಟ, ಆದ್ದರಿಂದ ವೇಗದ ಲೆಕ್ಕ ಬೇಡ, ಬರೀ ಯೋಚನೆ. ಐದು ಸಾಲು, ಐದು ಕಂಬ, 25 ಮನೆ. ಕಾಯಿ ಹೊರಗಿನ 16 ಮನೆ ಸುತ್ತಿ, ಒಳಗಿನ 8 ಮನೆಗೆ ಬಂದು ಎದುರು ದಿಕ್ಕಿಗೆ ತಿರುಗಿ, ಕೊನೆಗೆ ನಡುಮನೆ ಸೇರುತ್ತದೆ. ಈ ದಾರಿಯನ್ನು ಇಫ್, ಎಲ್ಸ್ ಹಾಕಿ ಬರೆಯಲು ಹೋದರೆ ಗೋಜಲು. 25 ಮನೆಗಳನ್ನೂ ಕಾಯಿ ನಡೆಯುವ ಕ್ರಮದಲ್ಲೇ ಒಂದು ಟೇಬಲ್‌ನಲ್ಲಿ ಬರೆದಿಡಿ. ಕಾಯಿ ಈಗ 7ನೇ ಮನೆ, ಕವಡೆ 4 ಬಿತ್ತು, ಹಾಗಾದರೆ 11ನೇ ಮನೆ. ಒಂದು ಕೂಡುವ ಲೆಕ್ಕ, ಮುಗಿಯಿತು. ಎದುರು ಕೂತವರ ದಾರಿ ಬೇರೆ ಕಡೆಯಿಂದ ಶುರುವಾಗುತ್ತದಲ್ಲ, ಅವರಿಗೆ ಅವರದೇ ಟೇಬಲ್ ಕೊಡಿ. ತೊಡಕಿನ ಕೋಡ್ ಬರೆಯುವ ಬದಲು ಮಾಹಿತಿಯನ್ನು ಸರಿಯಾಗಿ ಜೋಡಿಸುವುದು ಹೇಗೆ ಅನ್ನುವುದನ್ನು ನಮ್ಮ ಈ ಹಳೆಯ ಮಣೆ ಎಷ್ಟು ಚೆನ್ನಾಗಿ ಕಲಿಸುತ್ತದೆ ನೋಡಿ.

ಕವಡೆಯಲ್ಲಿ ಇನ್ನೂ ಒಂದು ಪಾಠ ಇದೆ. ಒಂದರಿಂದ ನಾಲ್ಕರವರೆಗೆ ಒಂದು ರ‍್ಯಾಂಡಮ್ ಸಂಖ್ಯೆ ತೆಗೆದರೆ ಸಾಕು ಅನ್ನಿಸುತ್ತದೆ. ಹಾಗೆ ಮಾಡಿದರೆ ಚೌಕ, ಅಂದರೆ ನಾಲ್ಕು, ಬೀಳುವುದು ಪ್ರತಿ ನಾಲ್ಕು ಸಲಕ್ಕೆ ಒಮ್ಮೆ. ಆಟದ ರುಚಿಯೇ ಹೋಯಿತು. ನಾಲ್ಕು ಕವಡೆಯನ್ನು ಒಂದೊಂದಾಗಿ ಹಾಕಿ. ಒಂದೊಂದಕ್ಕೂ ಬೋರಲೋ ಅಂಗಾತವೋ ಅಂತ ರ‍್ಯಾಂಡಮ್ ಕೇಳಿ, ಅಂಗಾತ ಬಿದ್ದವನ್ನು ಎಣಿಸಿ. ಒಂದೂ ಅಂಗಾತ ಇಲ್ಲದಿದ್ದರೆ 8. ಈಗ 16 ಸಲದಲ್ಲಿ ಸರಾಸರಿ 6 ಸಲ ಎರಡು ಬೀಳುತ್ತದೆ, 4 ಸಲ ಒಂದು, 4 ಸಲ ಮೂರು. ಚೌಕ 16ಕ್ಕೆ ಒಂದೇ ಸಲ, ಎಂಟೂ ಒಂದೇ ಸಲ. ಎಂಟು ಬಿದ್ದಾಗ ಮನೆಯಲ್ಲಿ ಎಲ್ಲರೂ ಕೂಗುತ್ತಿದ್ದದ್ದು ಯಾಕೆ ಅಂತ ಈ ಲೆಕ್ಕ ನೋಡಿದರೆ ತಿಳಿಯುತ್ತದೆ. ಅಳಗುಳಿಮಣೆಯೂ ಒಳ್ಳೆಯ ಅಭ್ಯಾಸ. ಎರಡು ಸಾಲಿನಲ್ಲಿ ಏಳೇಳು ಗುಳಿ, ಅಂದರೆ 14 ಸಂಖ್ಯೆಗಳ ಒಂದು ಟೇಬಲ್.

ಬೇರೆ ದಾರಿಗಳೂ ಇವೆ. ಕಾಲೇಜಿನಲ್ಲಿ ಪೈಥಾನ್ ಹೇಳಿಕೊಡುತ್ತಿದ್ದರೆ ಅದರಲ್ಲೇ ಗೇಮ್ ಮಾಡಿಸುವ ಪೈಗೇಮ್ ಜೀರೊ ಹಿಡಿಯಿರಿ, ಅಪ್‌ಡೇಟ್, ಡ್ರಾ ಅಲ್ಲೂ ಇವೆ. ಮನೆಯಲ್ಲಿ ಹತ್ತು ವರ್ಷದ ತಂಗಿ ಇದ್ದರೆ ಅವಳಿಗೆ ಬಣ್ಣದ ಬ್ಲಾಕ್ ಜೋಡಿಸಿ ಗೇಮ್ ಮಾಡುವ ಸ್ಕ್ರ್ಯಾಚ್. ಮುಂದೆ ದೊಡ್ಡ ಗೇಮ್ ಬೇಕಾದಾಗ ಗೊಡೊ ಅನ್ನುವ ಗೇಮ್ ಇಂಜಿನ್‌ಗೆ ಹೋಗಿ, ಅದೂ ಉಚಿತ. ಎರಡು ಸಣ್ಣ ಗೇಮ್ ಮುಗಿಸಿ ಹೋದವರಿಗೆ ಅಲ್ಲಿನ ಬಟನ್‌ಗಳೆಲ್ಲ ಹಳೆಯ ಪರಿಚಯದ ಹಾಗೆ ಕಾಣುತ್ತವೆ. ಎಐ ಕೇಳಿ ಕೋಡ್ ಬರೆಸಿಕೊಳ್ಳಬಹುದಲ್ಲ ಅಂತ ಈಗ ಬಹಳ ಜನ ಕೇಳುತ್ತಾರೆ. ಎರರ್ ಅರ್ಥವಾಗದಿದ್ದರೆ ಕನ್ನಡದಲ್ಲಿ ವಿವರಿಸು ಅಂತ ಕೇಳಿ, ತಪ್ಪೇನಿಲ್ಲ. ಆದರೆ ಮೊದಲ ಎರಡು ಗೇಮಿನ ಸಾಲುಗಳನ್ನು ನಿಮ್ಮ ಕೈಯಲ್ಲೇ ಟೈಪ್ ಮಾಡಿ. ಕಾಪಿ ಪೇಸ್ಟ್ ಮಾಡಿದ ಕೋಡ್ ಕೆಟ್ಟಾಗ ಎಲ್ಲಿ ನೋಡಬೇಕು ಅಂತ ತಿಳಿಯುವುದಿಲ್ಲ.

ಇನ್ನು ಫೋನಿನ ಪ್ರಶ್ನೆ. ಖಂಡಿತ ಆಡಿಸಬಹುದು. ಆಂಡ್ರಾಯ್ಡ್‌ಗೂ ಲವ್ ಆ್ಯಪ್ ಇದೆ. ನಿಮ್ಮ ಗೇಮಿನ ಫೈಲ್‌ಗಳನ್ನು ಜಿಪ್ ಮಾಡಿ, ಹೆಸರಿನ ಕೊನೆಯ ಡಾಟ್ ಜಿಪ್ ತೆಗೆದು ಡಾಟ್ ಲವ್ ಅಂತ ಬರೆಯಿರಿ. ಜಿಪ್ ಮಾಡುವಾಗ ಫೋಲ್ಡರನ್ನೇ ಆರಿಸಬೇಡಿ. ಅದರ ಒಳಗೆ ಹೋಗಿ, ಎಲ್ಲ ಫೈಲ್ ಆರಿಸಿ ಜಿಪ್ ಮಾಡಿ. ಮೇನ್ ಡಾಟ್ ಲುವಾ ಜಿಪ್ ತೆರೆದ ಕೂಡಲೇ ಸಿಗಬೇಕು, ಇಲ್ಲದಿದ್ದರೆ ಗೇಮ್ ಸಿಗಲಿಲ್ಲ ಅನ್ನುತ್ತದೆ. ಆ ಫೈಲನ್ನು ಫೋನಿಗೆ ಕಳಿಸಿ, ಲವ್ ಆ್ಯಪ್‌ನಲ್ಲಿ ತೆರೆಯಿರಿ. ಫೋನಿನಲ್ಲಿ ಬಾಣದ ಕೀ ಇಲ್ಲ. ಆದರೆ ಬೆರಳಿನ ಸ್ಪರ್ಶವನ್ನು ಲವ್ ಮೌಸ್ ಅಂತಲೂ ಲೆಕ್ಕ ಹಾಕುತ್ತದೆ. ಬುಟ್ಟಿಯ ಎಕ್ಸ್ ಮೌಸ್‌ನ ಎಕ್ಸ್‌ಗಿಂತ 50 ಕಮ್ಮಿ ಇರಲಿ ಅಂತ ಒಂದು ಸಾಲು ಬರೆದರೆ ಬೆರಳು ಹೋದಲ್ಲಿ ಬುಟ್ಟಿ ಬರುತ್ತದೆ. ಫೋನಿನ ಸ್ಕ್ರೀನ್ 800ಕ್ಕೆ 600 ಇರುವುದಿಲ್ಲ, ಹಾಗಾಗಿ ಆ ಸಂಖ್ಯೆಗಳನ್ನು ಕೋಡಿನ ಎಲ್ಲ ಕಡೆ ಬರೆಯುವ ಬದಲು ಅಗಲ ಎಷ್ಟು, ಎತ್ತರ ಎಷ್ಟು ಅಂತ ಲವ್ ಡಾಟ್ ಗ್ರಾಫಿಕ್ಸ್‌ನ ಗೆಟ್‌ವಿಡ್ತ್, ಗೆಟ್‌ಹೈಟ್ ಫಂಕ್ಷನ್‌ಗಳನ್ನೇ ಕೇಳಿ. ಲ್ಯಾಪ್‌ಟಾಪ್‌ನಲ್ಲಿ ಸರಿ ಇದ್ದು ಫೋನಿನಲ್ಲಿ ಮಾತ್ರ ಚಿತ್ರ ಸಿಗಲಿಲ್ಲ ಅಂದರೆ ಫೈಲ್ ಹೆಸರು ನೋಡಿ. ಹೆಸರಿನಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಬೆರೆತಿದ್ದರೂ ವಿಂಡೋಸ್ ಹೊಂದಿಸಿಕೊಳ್ಳುತ್ತದೆ, ಡಾಟ್ ಲವ್ ಫೈಲ್ ಹೊಂದಿಸಿಕೊಳ್ಳುವುದಿಲ್ಲ. ಚಿತ್ರ, ಶಬ್ದದ ಫೈಲ್‌ಗಳಿಗೆಲ್ಲ ಮೊದಲಿನಿಂದಲೇ ಸಣ್ಣಕ್ಷರದ ಹೆಸರಿಡಿ.